ಮಾವನ ಫ್ರಾನ್ಸು, ನಮ್ಮೂರ ಹೊಳೆ

ನಮ್ಮ ಸೋದರಮಾವನ ಹೊಟ್ಟೆಯಲ್ಲಿ ಒಂದು ಫ್ರೆಂಚ್ ಹಳ್ಳಿ ಸಿಕ್ಕಿಕೊಂಡಿದೆ. ಅದು ಜೀರ್ಣವೂ ಆಗದು, ಹೊರಗೂ ಬಾರದು. ದಿನಕ್ಕಿಷ್ಟು ತೇಗಾಗಿ ಬರುತ್ತದೆ, ಅಷ್ಟೆ!

ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಫ್ರೆಂಚ್ ದಂಪತಿಗೆ ಮಾವ ಅಡುಗೆ ಮಾಡುತ್ತಿದ್ದ. ಅವನ ಉಪ್ಪಿಟ್ಟು ಬಿಟ್ಟಿರಲಾರದ ಆ ಪುಣ್ಯಾತ್ಮರು ಒಂದು ಬೇಸಿಗೆ ಅವನನ್ನೂ ತಮ್ಮೂರಿಗೆ ಕರೆದೊಯ್ದರು. ಹೊಳೆದಂಡೆಯ ಪುಟ್ಟ ಹಳ್ಳಿ. ಅದರ ಹೆಸರು ಮಾವನ ನಾಲಿಗೆಗೆ ಇವತ್ತಿಗೂ ಒಗ್ಗಿಲ್ಲವಾದ್ದರಿಂದ ಅದು ಬರೀ 'ಆ ಊರು'.

ಹುಣಸೂರಿನ ಪಕ್ಕದಲ್ಲೇ, ಲಕ್ಷ್ಮಣತೀರ್ಥದ ದಂಡೆಯಲ್ಲಿರುವ ನಮ್ಮೂರು ಅಂದಿನಿಂದ ಅವನ ಕಣ್ಣಲ್ಲಿ ಕೆಟ್ಟುಹೋಯಿತು. ಬೆಳಗಾದರೆ ಕೋಲು ಹಿಡಿದು ಹೊಳೆಯ ಮೆಟ್ಟಿಲ ಮೇಲೆ ಮಾವನ ಪ್ರತಿಷ್ಠಾಪನೆ.

"ಲೇ, ಆ ಕೋಳಿಪುಕ್ಕದ ಚೀಲ ಎತ್ಲಾ! ಆ ಊರಲ್ಲಿ ಒಳೆ ಕಡೆ ತಿರುಗಿ ಉಗಿಯದೂ ಇಲ್ಲ!"

"ಅವ್ರು ಎಲೆಅಡ್ಕೆ ಆಕಲ್ಲ ಕಣಣ್ಣೋ, ಏನ್ ಉಗ್ದಾರು?" ಎಂದ ಕೋಳಿಯಂಗಡಿಯವನು ಚೀಲವನ್ನು ನಡುಹೊಳೆಗೇ ಎಸೆದ. ಗುರಿ ಮೆಚ್ಚಬೇಕಾದದ್ದೇ.

ಮಾವನ ಕಾಟ ತಾಳಲಾರದೆ ಪಂಚಾಯಿತಿಯವರು 'ಇಲ್ಲಿ ಕಸ ಹಾಕಬಾರದು' ಎಂದು ಬೋರ್ಡು ನೆಟ್ಟರು. ಕಸ ಎಲ್ಲಿ ಹಾಕುವುದೆಂದು ಅದುವರೆಗೆ ತಿಳಿಯದವರಿಗೂ ತಿಳಿಯಿತು!

ಆದರೆ ನಿಜವಾದ ಯುದ್ಧ ಸತ್ತವರ ಗಂಟಿನದು. ಹನ್ನೊಂದನೇ ದಿನ ಸತ್ತವರ ಬಟ್ಟೆ, ಹಾಸಿಗೆಗಳನ್ನು ಹೊಳೆಗೆ ಬಿಡುವುದು ನಮ್ಮಲ್ಲಿ ಪದ್ಧತಿ. ಬಿಡದಿದ್ದರೆ ಆತ್ಮ ಅಲೆಯುತ್ತದಂತೆ. ಆತ್ಮಕ್ಕೇನೋ ಮುಕ್ತಿ ಸಿಗುತ್ತದೆ. ಹಾಸಿಗೆ ಮಾತ್ರ ಸೇತುವೆಗೆ ಸಿಕ್ಕಿ ಕೊಳೆಯುತ್ತದೆ. ಅಡ್ಡ ನಿಂತ ಮಾವ ಎಷ್ಟು ಜನ ದುಃಖತಪ್ತರಿಂದ ಉಗಿಸಿಕೊಂಡನೋ!

"ನಿನ್ ಮನೇಲೂ ಒಂದಿನ ಸಾವಾಯ್ತದಲ್ಲ, ಆವಾಗ ನೋಡ್ತೀವಿ ಬುಡು" ಎಂದವರೂ ಉಂಟು.

ಅತ್ತೆಯ ದೂರೇ ಬೇರೆ. "ನನ್ನ ಉಣಸೂರು ಸಂತೆಗೂ ಒಂದಿನ ಕರ್ಕೊಂಡೋಗ್ನಿಲ್ಲ ಈವಯ್ಯ! ಊರೋರ್ನೆಲ್ಲ ಮಾತ್ರ ದಿನಾ ಫ್ರಾನ್ಸ್‌ಗೆ ಕರ್ಕೊಂಡೋಯ್ತದೆ."

ಕಳೆದ ವರ್ಷ ಆ ಅತ್ತೆಯೇ ತೀರಿಕೊಂಡಳು. ಹನ್ನೊಂದನೇ ದಿನ ಇಡೀ ಊರು ಹೊಳೆಯ ಬಳಿ ಹಾಜರ್! ಮಣ್ಣಿಗೆ ಬಾರದವರೂ ಬಂದಿದ್ದರು. ಅಳುವುದಕ್ಕಲ್ಲ, ಮಾವನ ಫ್ರಾನ್ಸು ಮುಳುಗುವುದನ್ನು ಕಣ್ತುಂಬ ನೋಡುವುದಕ್ಕೆ.

ಅತ್ತೆಯ ಸೀರೆಗಳ ಗಂಟನ್ನು ಅವಚಿಕೊಂಡು ಮಾವ ಕೊನೆಯ ಮೆಟ್ಟಿಲವರೆಗೆ ಇಳಿದ. ನಿಂತ. ಗಂಟಿನ ಸಮೇತ ಹತ್ತಿ ಬಂದ.

"ಬಿಡದೇ ಹೋದ್ರೆ ಆಕೆ ಆತ್ಮ ಊರೂರು ಸುತ್ತುತ್ತೆ ಕಣಯ್ಯ" ಎಂದರು ಪುರೋಹಿತರು.

"ಸುತ್ಲಿ ಬುಡಿ ಸ್ವಾಮಿ" ಎಂದ ಮಾವ. "ಉಣಸೂರು ಸಂತೇನೂ ಕಾಣ್ನಿಲ್ಲ ಅವ್ಳು. ಈಗ್ಲಾದ್ರೂ ಆ ಊರ್ ನೋಡ್ಕೊಂಡ್ ಬರ್ಲಿ."