ಸೋಮವಾರದ ಜ್ವಾಲಾಮುಖಿ

ನನ್ನ ಸೋದರಮಾವ ಪ್ರತಿ ಸೋಮವಾರ ಜ್ವಾಲಾಮುಖಿ ನೋಡಲು ಹೋಗುತ್ತಾರೆ. ಬೆಳಿಗ್ಗೆ ತಿಂಡಿ ಮುಗಿಸಿ ಡೊಂಬಿವಲಿಯಿಂದ ಬೈಕಿನಲ್ಲಿ ಒಬ್ಬರೇ ಹೊರಟು, ಜ್ವಾಲಾಮುಖಿಯನ್ನು ಕಣ್ತುಂಬ ನೋಡಿ, ಸಂಜೆ ಚಹಾದ ಹೊತ್ತಿಗೆ ಮನೆಗೆ ವಾಪಸ್! ಬರುವಾಗ ದಾರಿಯಲ್ಲಿ ಎಳೆಯ ತೊಂಡೆಕಾಯಿ ಕಂಡರೆ ಅದನ್ನೂ ತರುತ್ತಾರೆ. ನಗಬೇಡಿ. ನಾನೂ ಮೊದಲು ನಕ್ಕವನೇ. ಆ ತಪ್ಪಿಗೆ ಈಗ ನವಿ ಮುಂಬಯಿಯ ನನ್ನ ಆಫೀಸಿನ ಮೇಜಿನ ಮೇಲೂ ಒಂದು ಕಪ್ಪು ಕಲ್ಲು ಕೂತಿದೆ.

ಮಾವ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಉಡುಪಿ ಕಡೆಯವರು. ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಇಡ್ಲಿ–ದೋಸೆಯ ಹಿಟ್ಟು ರುಬ್ಬಿದವರು. ಮೊದಲು ಕಲ್ಲಿನಲ್ಲಿ, ಆಮೇಲೆ ಮೆಷಿನ್ನಿನಲ್ಲಿ. ಮೆಷಿನ್ ಬಂದರೂ ಹಿಟ್ಟಿನ ಹದ ನೋಡಬೇಕಾದದ್ದು ಮಾವನ ಅಂಗೈಯೇ. ಕಣ್ಣು ಮುಚ್ಚಿ, ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಆಯ್ತು" ಅಂದರೆ ಆಯ್ತು. ಹೋಟೆಲಿನ ಧಣಿಗಳೂ ಅದರ ಮೇಲೆ ಮಾತಾಡುತ್ತಿರಲಿಲ್ಲ. ಮಾತಾಡುವ ಧೈರ್ಯ ಇದ್ದದ್ದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ, ನನ್ನ ಅತ್ತೆಗೆ! ರಜೆಯ ದಿನ ಮಾವ ಮನೆಯಲ್ಲಿ ರುಬ್ಬಿ ಕೊಟ್ಟರೆ ಅತ್ತೆ ಎರಡು ಬೆರಳು ಅದ್ದಿ, "ತರಿ ಉಂಟು. ಇನ್ನೂ ಸ್ವಲ್ಪ ಕಡೀಬೇಕು" ಅನ್ನುತ್ತಿದ್ದರು. ರುಬ್ಬುವುದಕ್ಕೆ ನಮ್ಮವರು ಕಡೆಯುವುದು ಎನ್ನುತ್ತಾರೆ. ಇಡೀ ಠಾಣೆಗೆ ಇಡ್ಲಿ ತಿನ್ನಿಸಿದ ಮಹಾನುಭಾವರು ಮನೆಯಲ್ಲಿ ಪ್ರತಿ ವಾರ ಫೇಲು!

ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಣ್ಣು ಮಬ್ಬಾಗುತ್ತ ಬಂದು, ನಾಲ್ಕು ವರ್ಷಗಳಿಂದ ಅವರಿಗೆ ಬೆಳಕು–ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮಾವ ಕೆಲಸ ಬಿಟ್ಟು ಮನೆಯಲ್ಲಿ ಕೂತದ್ದು ಆಗಲೇ. ಅಡುಗೆ ಅವರದ್ದು, ಪೇಪರ್ ಓದಿ ಹೇಳುವುದೂ ಅವರದ್ದು. ಆದರೆ ಸೋಮವಾರ ಮಾತ್ರ ರಜೆ. ಹೋಟೆಲಿಗೆ ಸೋಮವಾರ ರಜೆಯಲ್ಲವೇ, ಆ ಲೆಕ್ಕ ಮೈಯಲ್ಲಿ ಹಾಗೇ ಉಳಿದಿದೆ! ಅಂಗಡಿಯೊಂದರಲ್ಲಿ ಕೆಲಸ ಮಾಡುವ ಅವರ ಮಗಳಿಗೂ ಅದೇ ದಿನ ರಜೆ. ಅವಳು ಅತ್ತೆಯ ಜೊತೆಗಿರುತ್ತಾಳೆ, ಮಾವ ಬೈಕ್ ಹತ್ತುತ್ತಾರೆ.

ಈ ಜ್ವಾಲಾಮುಖಿಯ ಹುಚ್ಚು ಹಿಡಿಸಿದ ಪಾಪ ಯಾರದ್ದು? ನನ್ನದೇ. ಚೌತಿಯ ಊಟ ಮುಗಿಸಿ ಎಲ್ಲರೂ ತೂಕಡಿಸುತ್ತಿದ್ದಾಗ ನಾನು ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿದೆ. ಜರ್ಮನಿಯ ಯಾರೋ ಒಬ್ಬ ಬೈಕಿನಲ್ಲಿ ಒಂಟಿಯಾಗಿ ಹೊರಟು, ಒಂದೇ ದಿನದಲ್ಲಿ ಹಳೇ ಜ್ವಾಲಾಮುಖಿಗಳ ಜಾಗಗಳನ್ನು ನೋಡಿ ಬರುತ್ತಾನೆ. ಬೆಟ್ಟ ಸಿಡಿದ ಗುಂಡಿಯಲ್ಲಿ ನೀರು ತುಂಬಿ ಆದ ದುಂಡನೆಯ ಕೆರೆಗಳು, ಕಂಬದಂತೆ ನಿಂತ ಕಪ್ಪು ಬಂಡೆಗಳು. ಮಾವ ಕನ್ನಡಕ ಏರಿಸಿಕೊಂಡು ನೋಡಿದರು.

"ಹೊಗೆ ಎಲ್ಲಿ ಉಂಟು ಮಾರಾಯ?"

"ಅದೆಲ್ಲ ಯಾವತ್ತೋ ಆರಿಹೋಗಿದೆ ಮಾವ."

"ಆರಿದ ಒಲೆ ನೋಡ್ಲಿಕ್ಕೆ ಇವ ಪೆಟ್ರೋಲ್ ಸುಟ್ಟು ಹೋಗಿದ್ದಾ?"

ಅಷ್ಟಕ್ಕೇ ಸುಮ್ಮನಿರಬಾರದಿತ್ತೇ ನಾನು? ಬುದ್ಧಿವಂತಿಕೆ ತೋರಿಸುವ ಚಪಲ! "ಅವನು ಅಷ್ಟು ದೂರ ಹೋಗಬೇಕು ಮಾವ. ನಾವು ಕೂತಿರುವುದೇ ಲಾವಾದ ಮೇಲೆ. ಈ ಕಲ್ಯಾಣ, ಬದ್ಲಾಪುರ, ಮುರಬಾಡದ ಗುಡ್ಡಗಳೆಲ್ಲ ಕೋಟಿಗಟ್ಟಲೆ ವರ್ಷದ ಹಿಂದೆ ಭೂಮಿಯಿಂದ ಉಕ್ಕಿ ಹರಿದು ಗಟ್ಟಿಯಾದದ್ದು" ಎಂದುಬಿಟ್ಟೆ. ಮಾವ ನೆಲದ ಟೈಲ್ಸನ್ನು ಒಮ್ಮೆ ನೋಡಿದರು, ಮೆಲ್ಲಗೆ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಗೋಡೆಗೆ ಒರಗಿ ಕೂತಿದ್ದ ಅತ್ತೆ, "ಹೌದಾ? ಹೇಗೆ ಇರ್ತದೆ ಅದು?" ಎಂದು ಕೇಳಿದರು. ಮರು ಸೋಮವಾರವೇ ಮಾವ ಹಳೇ ಬೈಕಿನ ಧೂಳು ಒರೆಸಿದರು.

ನಾಲ್ಕೇ ವಾರದಲ್ಲಿ ಅವರದೇ ಒಂದು ಭೂವಿಜ್ಞಾನ ತಯಾರಾಯಿತು! ಮೈಯೆಲ್ಲ ತೂತು ತೂತಾಗಿರುವ ಕಲ್ಲು, ಚೆನ್ನಾಗಿ ಹುಳಿ ಬಂದ ಲಾವಾ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಿದೆ. ತೂತಿಲ್ಲದ ಗಟ್ಟಿ ಕಲ್ಲು, ಹುಳಿ ಬರುವ ಮೊದಲೇ ಎರೆದದ್ದು. ಮಾಳಶೇಜ್ ಘಾಟಿನ ಪದರ ಪದರದ ಗೋಡೆ, ಒಂದು ದೋಸೆ ಆರಿದ ಮೇಲೆ ಅದರ ಮೇಲೆ ಇನ್ನೊಂದು. ತೂತಿನೊಳಗೆ ಬಿಳಿ ಹರಳು ಕೂತಿದ್ದರೆ, "ಇದಕ್ಕೆ ಕೊಬ್ಬರಿ ಚೂರು ಹಾಕಿದ್ದಾರೆ!" ನಾನು ಪುಸ್ತಕ ತಿರುವಿ ನೋಡಿದೆ. ಕೊಬ್ಬರಿಯೊಂದನ್ನು ಬಿಟ್ಟರೆ ಮಾವ ಹೇಳಿದ್ದು ಸುಮಾರಾಗಿ ಸರಿಯೇ ಇತ್ತು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಪ್ರತಿ ವಾರ ಒಂದು ಕಲ್ಲು ಮನೆಗೆ ಬರುತ್ತಿತ್ತು. ಒಮ್ಮೆ ತಂದದ್ದು ಕಲ್ಲಂಗಡಿಯಷ್ಟು ದೊಡ್ಡದು. ಮನೆ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಹೊರಲಾಗದೆ ಅದನ್ನು ಕೆಳಗೆ ಗೇಟಿನ ಪಕ್ಕ ಇಟ್ಟು, ತೊಳೆದು, ಹೊಸ ಕಾವಲಿಗೆ ಹಚ್ಚುವ ಹಾಗೆ ಎಣ್ಣೆ ಹಚ್ಚಿ ಬಂದರು. ಹೋಟೆಲಿನವರ ಅಭ್ಯಾಸ! ಎಣ್ಣೆ ಹಚ್ಚಿದ ಕರಿಕಲ್ಲನ್ನು ನಮ್ಮ ಜನ ಸುಮ್ಮನೆ ಬಿಡುತ್ತಾರೆಯೇ? ಮಂಗಳವಾರ ಒಂದು ದಾಸವಾಳ ಬಂತು. ಬುಧವಾರ ಕುಂಕುಮ. ಗುರುವಾರ ಮೊದಲನೇ ಮಾಳಿಗೆಯ ಮರಾಠಿ ಅಜ್ಜಿ ಊದಿನಕಡ್ಡಿ ಹಚ್ಚಿದರು. ಮಾವ ಸೊಸೈಟಿಯ ಸೆಕ್ರೆಟರಿಯ ಬಳಿ ಹೋಗಿ, ಅದು ದೇವರಲ್ಲ, ಲಾವಾ ಎಂದು ಬಿಡಿಸಿ ಹೇಳಿದರು. ಆತ ಎರಡೂ ಕೈ ಮುಗಿದು, "ಕಾಕಾ, ಆತಾ ಕಾಯ್ ಉಪಯೋಗ್? ನವಸ್ ಬೋಲೂನ್ ಝಾಲಾ" ಎಂದ. ಅಂದರೆ ಈಗ ಹೇಳಿ ಪ್ರಯೋಜನವಿಲ್ಲ, ಯಾರೋ ಹರಕೆ ಹೇಳಿಕೊಂಡೂ ಆಗಿದೆ! ಅಂದಿನಿಂದ ಮಾವನೂ ಗೇಟು ದಾಟುವಾಗ ಅದಕ್ಕೆ ಕೈಮುಗಿಯುತ್ತಾರೆ.

ಎಲ್ಲ ಸರಿಯಾಗಿಯೇ ನಡೆದಿತ್ತು, ಮಾವ ಬೀಳುವ ತನಕ. ಬಿದ್ದದ್ದೂ ಹೇಗೆ? ನಿಂತ ಬೈಕಿನಿಂದ! ಶಹಾಡ್ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಂದು ಒಳ್ಳೆಯ ಕಲ್ಲು ಕಂಡಿತಂತೆ. ಸ್ಟ್ಯಾಂಡ್ ಹಾಕುವುದನ್ನು ಮರೆತು ಇಳಿಯಹೋದರು. ಮೊಣಕೈ ತರಚಿತು, ಅಷ್ಟೇ. ಆದರೆ ಸುದ್ದಿ ಠಾಕುರ್ಲಿಯ ನೆಂಟರಿಗೆ ಮುಟ್ಟುವಾಗ ಕೈ ಮುರಿದಿತ್ತು, ಅಂಬರನಾಥದವರಿಗೆ ಮುಟ್ಟುವಾಗ ಐಸಿಯುಗೆ ಹಾಕಿ ಆಗಿತ್ತು, ಉಡುಪಿಯಿಂದ ಫೋನ್ ಮಾಡಿದವರು ಫೋನೆತ್ತಿದ್ದು ಯಾರೆಂದು ತಿಳಿಯದೆ, ಮಾವ ಹೋಗಿಬಿಟ್ಟರೆಂದು ಮಾವನಿಗೇ ಸಮಾಧಾನ ಹೇಳಿದರು!

ಮನೆಯಲ್ಲಿ ಸಭೆ ಸೇರಿತು. ಬೈಕ್ ಮಾರಬೇಕು, ಇದು ಎಲ್ಲರ ಮಾತು. ಮಗಳು ಕನ್ನಡದಲ್ಲಿ ಶುರುಮಾಡಿ ಸಿಟ್ಟು ಬಂದ ಕೂಡಲೇ ಹಿಂದಿಗೆ ಹಾರಿದಳು. "ಪಪ್ಪ, ನಿಮ್ಗೆ ಏನಾದ್ರು ಆದ್ರೆ ಮಮ್ಮಿ ಕೋ ಕೌನ್ ದೇಖೇಗಾ? ಪತ್ಥರ್ ಕೇ ಲಿಯೇ ಕೋಯಿ ಮರ್ತಾ ಹೈ ಕ್ಯಾ?" ಅಮ್ಮನನ್ನು ನೋಡಿಕೊಳ್ಳುವವರು ಯಾರು, ಕಲ್ಲಿಗೋಸ್ಕರ ಯಾರಾದರೂ ಸಾಯುತ್ತಾರೆಯೇ? ಮಾತು ಸರಿಯೇ ಅಲ್ಲವೇ? ಮಾವ ತಲೆ ತಗ್ಗಿಸಿ ಮೊಣಕೈಯ ಪಟ್ಟಿಯನ್ನು ನೋಡುತ್ತ ಕೂತರು. ಬೈಕಿಲ್ಲದ ಮಾವ ಅಲ್ಲೇ ಕಣ್ಣಮುಂದೆ ಕಂಡಂತಾಗಿ ನನಗೆ ಕಸಿವಿಸಿಯಾಯಿತು. ಕೊನೆಗೆ ಮಗಳೇ ನನ್ನತ್ತ ತಿರುಗಿದಳು. "ಭಾವ, ಶುರುಮಾಡಿದ್ದು ನೀವು. ಒಂದು ಸೋಮವಾರ ಜೊತೆಗೆ ಹೋಗಿ ನೋಡಿ. ನೀವು ಬೇಚ್ ದೋ ಅಂದ್ರೆ ಮಾರುದೇ."

ಹೀಗೆ ನಾನು ರಜೆ ಹಾಕಿ ಜ್ವಾಲಾಮುಖಿಯ ಇನ್‌ಸ್ಪೆಕ್ಟರ್ ಆದೆ! ಹಿಂದಿನ ಸೀಟಿನಲ್ಲಿ ಕೂರಲು ಹೋದರೆ ಮಾವ ಬಿಡಲಿಲ್ಲ. ಅಲ್ಲಿ ಒಂದು ಬೈರಾಸನ್ನು, ಅಂದರೆ ಟವೆಲನ್ನು, ನೀಟಾಗಿ ಮಡಚಿ ಕಟ್ಟಿದ್ದರು. "ಅದು ಕೂರುವ ಜಾಗ ಅಲ್ಲ. ನೀನು ನಿನ್ನ ಸ್ಕೂಟರಲ್ಲಿ ಬಾ" ಎಂದರು. ಹಾಗಾದರೆ ಸೀಟು ಇರುವುದು ಮತ್ಯಾತಕ್ಕೆ? ಸ್ಕೂಟರ್ ಹತ್ತಿ ಹಿಂದಿನಿಂದ ಹೋದೆ. ಮಾವನ ವೇಗ ನೋಡಿದರೆ ಬಿದ್ದವರು ಎದ್ದು ಮೈ ಕೊಡವಿ, ನಡೆದೇ ಬೈಕನ್ನು ದಾಟಿ ಮುಂದೆ ಹೋಗಬಹುದು! ಹಾಲಿನ ಸೈಕಲ್ ಎರಡು ಸಲ ನಮ್ಮನ್ನು ಹಿಂದೆ ಹಾಕಿತು. ಅಂಬರನಾಥದ ಶಿವನ ಗುಡಿಗೆ ಬಂದಾಗ ಮಾವ ಒಳಗೆ ಹೋಗುವ ಮೊದಲು ಹೊರಗಿನ ಕರಿಕಲ್ಲಿನ ಗೋಡೆಯನ್ನು ಕಣ್ಣು ಮುಚ್ಚಿ ಸವರಿದರು. ಹಿಟ್ಟಿನ ಹದ ನೋಡುವ ಅದೇ ಅಂಗೈ.

ಬದ್ಲಾಪುರ ದಾಟಿ ಒಂದು ಹೊಳೆಯ ಹತ್ತಿರ ನಿಲ್ಲಿಸಿದರು. ಸ್ಟ್ಯಾಂಡ್ ಹಾಕಿ, ಹಾಕಿದ್ದನ್ನು ನನಗೆ ತೋರಿಸಿದರು. ಮಳೆಗಾಲ ಕಳೆದು ನೀರು ಇಳಿದಿತ್ತು, ಉದ್ದಕ್ಕೂ ಕಪ್ಪು ಬಂಡೆ. ಬಂಡೆಯಲ್ಲಿ ಅಲ್ಲಲ್ಲಿ ದುಂಡನೆಯ ಗುಂಡಿಗಳು, ಯಾರೋ ಕುಳಿತು ಕಡೆದಿಟ್ಟ ಹಾಗೆ. ಮಾವ ಒಂದರ ಪಕ್ಕ ಮಂಡಿಯೂರಿ, ಭುಜದವರೆಗೆ ಕೈ ಇಳಿಸಿದರು. ತಳದಲ್ಲಿ ಒಂದು ದುಂಡನೆಯ ಉರುಟು ಕಲ್ಲು ಇತ್ತು. ಅದನ್ನು ತಿರುಗಿಸಿದರು. ಗರಗರ ಸದ್ದಾಯಿತು.

"ಕಡೆಯುವ ಕಲ್ಲು ಮಾರಾಯ!" ಎಂದರು, ದನಿ ಸಣ್ಣದಾಗಿತ್ತು. "ನೀರೇ ಗುಂಡು ತಿರುಗಿಸಿ ತಿರುಗಿಸಿ ಮಾಡಿದ್ದು. ನಾನು ನಲ್ವತ್ತು ವರ್ಷ ಕಡೆದೆ ಅಂತ ಜಂಬ ಮಾಡ್ತೇನೆ. ಇದು ಎಷ್ಟು ವರ್ಷ ಕಡೆದಿರ್ಬಹುದು?"

ಎಂಟು ವರ್ಷಗಳಿಂದ ರೈಲಿನ ಕಿಟಕಿಯಲ್ಲಿ ಇದೇ ಗುಡ್ಡಗಳನ್ನು ನೋಡುತ್ತ ಆಫೀಸಿಗೆ ಹೋಗುವವನು ನಾನು. ನೋಡುತ್ತ ಎಂದರೆ ಸುಳ್ಳು, ಮೊಬೈಲ್ ನೋಡುತ್ತ. ಫೋಟೊ ತೆಗೆಯಲೇ ಎಂದು ಕೇಳಿದೆ.

"ಫೋಟೊ ತೆಗೆದು ಎಂತ ಮಾಡುದು?" ಎಂದು ಮಾವ ದಂಡೆಯಲ್ಲಿ ಕಲ್ಲು ಹೆಕ್ಕಲು ಹೋದರು. ಒಂದೊಂದನ್ನೂ ಅಂಗೈಯಲ್ಲಿಟ್ಟು ತಿಕ್ಕಿ, ಇಪ್ಪತ್ತನ್ನು ಬಿಸಾಡಿ, ಒಂದನ್ನು ಬೈರಾಸಿನಲ್ಲಿ ಸುತ್ತಿಕೊಂಡರು.

ಮನೆ ತಲುಪಿದಾಗ ಚಹಾದ ಹೊತ್ತು. ಬಾಗಿಲಿನ ಸದ್ದಿಗೆ ಅತ್ತೆ ಎರಡೂ ಕೈ ಬೊಗಸೆ ಮಾಡಿ ಮುಂದಕ್ಕೆ ಚಾಚಿದರು. ಮಾವ ಅದರಲ್ಲಿ ಕಲ್ಲು ಇಟ್ಟರು. ಅತ್ತೆ ಅದನ್ನು ಹೆಬ್ಬೆರಳಿನಿಂದ ತಿಕ್ಕಿದರು, ಕೆನ್ನೆಗೆ ಒತ್ತಿ ನೋಡಿದರು. "ಇದು ನೀರಿನಲ್ಲಿ ಇದ್ದದ್ದು. ಹುಳಿ ಬರ್ಲಿಲ್ಲ" ಎಂದರು. ಬಾಲ್ಕನಿಯ ಗ್ರಿಲ್ಲಿನ ಉದ್ದಕ್ಕೂ ಜೋಡಿಸಿದ್ದ ಕಲ್ಲುಗಳನ್ನು ಬೆರಳಿನಿಂದ ಮುಟ್ಟುತ್ತ, "ಇದು ಮಾಳಶೇಜ್, ಇದು ಮುರಬಾಡದ್ದು, ಇದು ಬಿದ್ದ ದಿನದ್ದು" ಎಂದು ದಾಟಿ ಹೋಗಿ ಹೊಸದನ್ನು ಕೊನೆಗಿಟ್ಟರು. ಮಾವ ಎಲ್ಲಿಗೂ ಒಬ್ಬರೇ ಹೋಗಿರಲಿಲ್ಲ! ಅಂದು ಅತ್ತೆ ಕೇಳಿದ್ದ "ಹೇಗೆ ಇರ್ತದೆ ಅದು" ಎಂಬ ಪ್ರಶ್ನೆಗೆ ವಾರಕ್ಕೊಂದು ಉತ್ತರ ಹೊತ್ತು ತರುತ್ತಿದ್ದರು.

ಮಾವ ಆ ಗುಂಡಿಗಳ ಕತೆ ಹೇಳಿದರು. ಹೇಳುತ್ತ ಹೇಳುತ್ತ ತಡವರಿಸಿದರು. "ಅದನ್ನು ತರ್ಲಿಕ್ಕೆ ಆಗುದಿಲ್ಲ. ಬಂಡೆಯಲ್ಲೇ ಉಂಟು."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಾಗಾದ್ರೆ ನಾನೇ ಬರ್ತೇನೆ."

"ಮೂರು ಮಾಳಿಗೆ ಇಳೀಬೇಕು!"

"ಇಳಿಯುವಾ. ಹಿಂದಿನ ಸೀಟು ಖಾಲಿ ಉಂಟಲ್ಲ, ಯಾರನ್ನಾದ್ರೂ ಕೂರಿಸಿದ್ರಾ?"

"ಇಲ್ಲ" ಎಂದರು ಮಾವ.

ಮಗಳು ಅಡುಗೆಮನೆಯ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದಳು. "ಭಾವ, ನಿಮ್ಮ ರಿಪೋರ್ಟ್ ಏನು?" ಎಂದಳು. ನಾನು ಹೇಳಿದೆ, ಬೈಕ್ ಮಾರುವುದು ಬೇಡ, ಇನ್ನೊಂದು ಹೆಲ್ಮೆಟ್ ತರಬೇಕು.

ಮರು ಸೋಮವಾರ ಸೈಕಲಿನವರಿಗೆಲ್ಲ ದಾರಿ ಬಿಡುತ್ತ ಆ ಬೈಕು ಬದ್ಲಾಪುರ ದಾಟಿತು. ಹಿಂದಿನಿಂದ ನನ್ನ ಸ್ಕೂಟರು, ಅದರಲ್ಲಿ ಮಗಳು. ಹೊಳೆಯ ಬಳಿ ಮಾವ ಅತ್ತೆಯ ಕೈ ಹಿಡಿದು ಒಂದೊಂದೇ ಹೆಜ್ಜೆ ಇಡಿಸಿ, ಗುಂಡಿಯ ಪಕ್ಕ ಬೈರಾಸು ಹಾಸಿ ಕೂರಿಸಿದರು. ಅತ್ತೆ ಭುಜದವರೆಗೆ ಕೈ ಇಳಿಸಿದರು. ಉರುಟು ಕಲ್ಲನ್ನು ಎರಡು ಸುತ್ತು ತಿರುಗಿಸಿದರು. ಆಮೇಲೆ ತಳದಿಂದ ಒಂದು ಚಿಟಿಕೆ ಮರಳು ತೆಗೆದು, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಮಾವ ಬಗ್ಗಿ ಆ ಹೆಬ್ಬೆರಳನ್ನೇ ನೋಡುತ್ತ ಕಾಯುತ್ತಿದ್ದರು.

"ತರಿ ಉಂಟು" ಎಂದರು ಅತ್ತೆ. "ಇನ್ನೂ ಸ್ವಲ್ಪ ಕಡೀಬೇಕು."