ಆಲೆಮನೆಗೆ ಹೊಕ್ಕ ವೈರಸ್ಸು

ಯಜಮಾನ ಅನ್ನಿಸಿಕೊಂಡವನಿಗೆ ತನ್ನ ಯಜಮಾನಿಕೆ ಎಲ್ಲಿಯವರೆಗಿದೆ ಎಂದು ಗೊತ್ತಾಗದಿರುವುದೇ ಒಳ್ಳೆಯದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟರೂ ಕ್ಯಾತನಹಳ್ಳಿಯಲ್ಲಿ ಸ್ವಂತ ಆಲೆಮನೆ ಕಟ್ಟಿ, ಕಬ್ಬು ಅರೆಸಿ ಬೆಲ್ಲ ಮಾಡಿಸುವವನು ನಾನು. ನಾನು ಕೆಮ್ಮಿದರೆ ಗಾಣ ತಿರುಗುತ್ತದೆ ಎಂದೇ ನಂಬಿದ್ದೆ. ಆ ನಂಬಿಕೆ ಕೆಡಿಸಿದವರು ಇಬ್ಬರು: ಮೈಸೂರಿನಲ್ಲಿ ಎಂ.ಎಸ್ಸಿ. ಓದುವ ಮಗಳು ಮತ್ತು ಸಿಂಧಘಟ್ಟದ ಬಾಮೈದ.

ರಜೆಗೆ ಬಂದ ಮಗಳು ಕೊಪ್ಪರಿಗೆ ಪಕ್ಕ ಕೂತು ಬಿಸಿ ಬೆಲ್ಲ ನೆಕ್ಕುತ್ತಾ ಪಾಠ ಹೇಳಿದಳು. "ಅಪ್ಪಾಜಿ, ಮೈಯ ಒಂದೊಂದು ಜೀವಕೋಶಾನೂ ಒಂದು ಆಲೆಮನೆ. ಬೆಲ್ಲದ ಬದ್ಲು ಪ್ರೋಟೀನು ಮಾಡ್ತದೆ. ವೈರಸ್ಸಿಗೆ ಸ್ವಂತ ಗಾಣ ಇಲ್ಲ, ಒಲೆ ಇಲ್ಲ. ಒಳಕ್ಕೆ ನುಗ್ಗಿ, ಕೋಶದ ಕೆಲ್ಸ ನಿಲ್ಸಿ, ತನ್ನ ಪ್ರೋಟೀನು ಮಾಡಿಸ್ಕತದೆ."

"ಅಂತಾ ಕಳ್ಳನ್ನ ಓದಕೆ ನಿನ್ನ ಮೈಸೂರ್‌ಗೆ ಕಳ್ಸಬೇಕಾಗಿತ್ತಾ?"

"ಕಳ್ಳ ಎಲ್ಲಿಗೆ ಕೈ ಹಾಕ್ತಾನೆ ಅಂತ ನೋಡಿದ್ರೆ ಬೀಗ ಎಲ್ಲದೆ ಅಂತ ಗೊತ್ತಾಗ್ತದಲ್ಲ! ಯಾವ ಪ್ರೋಟೀನು, ಯಾವಾಗ, ಎಷ್ಟು ಅನ್ನೋ ಹಿಡಿತ ಕೋಶದಲ್ಲಿ ಎಲ್ಲದೆ ಅಂತ ವೈರಸ್ಸೇ ತೋರಿಸ್ಕೊಡ್ತದೆ."

ಮಾರನೆಯ ಬೆಳಿಗ್ಗೆ ಬಾಮೈದ ಲೂನಾದಲ್ಲಿ ಬಂದಿಳಿದ. ಹಿಂದೆಯೇ ಒಂದು ಟ್ರಾಕ್ಟರು ಕಬ್ಬು. "ಸುಮ್ನೆ ಅಕ್ಕನ್ನ ನೋಡ್ಕೊಂಡು ಹೋಗವಾ ಅಂತ ಬಂದೆ ಭಾವ" ಎಂದ. ಅಕ್ಕನನ್ನು ನೋಡಲು ಯಾರಾದರೂ ಕಬ್ಬು ಹೇರಿಕೊಂಡು ಬರುತ್ತಾರೆಯೇ? ಕಡಿದು ಹಾಕಿದ್ದ ನನ್ನ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ಅಂದೇ ಅರೆಯದಿದ್ದರೆ ಬೆಲ್ಲ ಕೆಡುವುದು ಖಂಡಿತ. "ಮೊದ್ಲು ನಮ್ದು ಅರೀರ್ಲಾ" ಎಂದು ಆಳುಗಳಿಗೆ ಕೂಗಿ ಗದ್ದೆಗೆ ಹೋಗಿ ಬಂದೆ. ನೋಡಿದರೆ ಗಾಣದಲ್ಲಿ ಬಾಮೈದನ ಕಬ್ಬು! ಗಾಣಕ್ಕೆ ಕಬ್ಬು ಕೊಡುವ ಚಿಕ್ಕಣ್ಣ, "ಆಯ್ತು ಗೌಡ್ರೇ, ಇನ್ನೇನು ನಿಮ್ದೇಯಾ" ಎನ್ನುತ್ತಲೇ ಮತ್ತೆ ಬಾಮೈದನ ಕಟ್ಟನ್ನೇ ಎತ್ತಿದ.

ಮಗಳ ಪಾಠ ನೆನಪಾಗಿ, ಬಾಮೈದ ಎಲ್ಲಿಗೆ ಕೈ ಹಾಕಿದ ಎಂದು ವಿಚಾರಿಸಿದೆ. ಚಿಕ್ಕಣ್ಣನ ಹತ್ತಿರ ಅವನು ಸುಳಿದೇ ಇರಲಿಲ್ಲ. ನೆಟ್ಟಗೆ ಅಡಿಗೆಮನೆಗೆ ಹೋಗಿ, "ಅಕ್ಕ, ನಿನ್ ಕೈ ಉಪ್ಸಾರು ಉಂಡು ಎಷ್ಟು ದಿನ ಆಗೋಯ್ತು" ಎಂದು ಚಕ್ಕಳಮಕ್ಕಳ ಹಾಕಿ ಕೂತಿದ್ದನಂತೆ. ಆಳುಗಳಿಗೆ ಊಟ ಹೋಗುವುದು ಅಲ್ಲಿಂದಲೇ. ಮುದ್ದೆಯ ಜೊತೆಗೆ "ನನ್ ತಮ್ಮಂದು ಮೊದ್ಲಾಗ್ಲಿ" ಎಂಬ ಮಾತೂ ಹೋಗಿತ್ತು. ಗಾಣ ನನ್ನದು, ಕೊಪ್ಪರಿಗೆ ನನ್ನದು, ಹಿಡಿತ ಮಾತ್ರ ಅಡಿಗೆಮನೆ ಒಲೆ ಮುಂದೆ!

ನಾನೂ ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿದೆ. "ಉಪ್ಸಾರು ಗಮ್ಮಂತದಲ್ಲ" ಎಂದೆ.

ಹೆಂಡತಿ ಸೌಟು ಹಿಡಿದೇ ತಿರುಗಿದಳು. "ಮದ್ವೆ ಆದಾಗಿಂದ ಇಲ್ದಿದ್ದು ಇವತ್ತೇನು ಬಂತು? ಜ್ವರಗಿರ ಬಂದದಾ?"

ಬಾಗಿಲಲ್ಲಿ ನಿಂತಿದ್ದ ಮಗಳು ನಕ್ಕಳು. "ಜ್ವರ ಅಲ್ಲ ಕಣವ್ವ. ಮನೇಲಿ ವೈರಸ್ಸು ಎರಡಾದ್ವು."

ಮಧ್ಯಾಹ್ನದೊಳಗೆ ನನ್ನ ಕಬ್ಬು ಗಾಣಕ್ಕೆ ಬಿತ್ತು. ಈಗಲೂ ದಿನಾ ಬೆಳಿಗ್ಗೆ ಆಲೆಮನೆ ಮುಂದೆ ನಿಂತು ಮೊದಲಿನ ಗತ್ತಿನಲ್ಲೇ ಕೂಗುತ್ತೇನೆ. ಅಡಿಗೆಮನೆಗೆ ಹೋಗಿ, ಉಪ್ಸಾರು ಹೊಗಳಿ ಬಂದ ಮೇಲೆ.