ಮುಟ್ಟಿ ನೋಡುವ ಕೋಣೆ

ಮೇಷ್ಟರಾದವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಸ್ಲೇಟು ಹಿಡಿದುಕೊಂಡು ಶಾಲೆಗೆ ಬರುತ್ತದೆ.

ಮಹಾರಾಜರ ಕಾಲದ ಮಾತು. ಮೊಳಕಾಲ್ಮೂರಿನ ಕಡೆಯ ಹಳ್ಳಿಯೊಂದರಲ್ಲಿ ನಾನು ಮೇಷ್ಟರಾಗಿದ್ದೆ. ಒಮ್ಮೆ ಬೆಂಗಳೂರಿಗೆ ಹೋದಾಗ ಮ್ಯೂಸಿಯಂ ನೋಡುತ್ತಾ ಒಂದು ಕಲ್ಲಿನ ಬಸವನ ಬೆನ್ನು ಸವರಿದೆ. ಕಾವಲಿನವನು ಹತ್ತು ಜನರೆದುರು ಗದರಿದ. ಆ ಸಿಟ್ಟನ್ನು ಹಾಗೇ ಊರಿಗೆ ಹೊತ್ತು ತಂದು, ಶಾಲೆಯ ಪಕ್ಕದಲ್ಲಿ ಪಟೇಲರು ಹುಲ್ಲು ತುಂಬುತ್ತಿದ್ದ ಕೋಣೆ ಗುಡಿಸಿ, ಮಕ್ಕಳು ಮುಟ್ಟಿಯೇ ನೋಡಬೇಕಾದ ಮ್ಯೂಸಿಯಂ ತೆರೆದೆ. ಒಂದೇ ನಿಯಮ: ಇಲ್ಲಿರುವ ಯಾವುದನ್ನಾದರೂ ಮುಟ್ಟಬಹುದು, ಬಿಚ್ಚಬಹುದು, ಬಿಚ್ಚಿದ್ದನ್ನು ಮತ್ತೆ ಕಟ್ಟಿಡಬೇಕು.

ಕೋಣೆ ಹೋಯಿತೆಂದು ಪಟೇಲರಿಗೆ ಕೋಪ. "ಇನ್ಸ್‌ಪೆಕ್ಟರ್ ಸಾಹೇಬ್ರು ಶಾಲೆ ತಪಾಸಣೆಗೆ ಬಂದಾಗ ನೋಡ್ಲಿ. ಸೈ ಅಂದ್ರೆ ಇಟ್ಕಳ್ರಿ, ಇಲ್ಲಾಂದ್ರೆ ನನ್ನ ಹುಲ್ಲು ಒಳಗೆ, ನಿಮ್ಮ ಸಾಮಾನು ಹೊರಗೆ" ಎಂದರು. ಅಂದಿನಿಂದ ನನಗೆ ಸಾಹೇಬರದ್ದೇ ಚಿಂತೆ.

ಬೀಸುವ ಕಲ್ಲು

ಮನೆಗೊಂದು ಹಳೆಯ ವಸ್ತು ಕೊಡಿ ಎಂದು ಕೇಳಿದೆ. ಮೊದಲು ಕೊಟ್ಟವಳು ಎದುರು ಮನೆಯ ಅಜ್ಜಿ, ತನ್ನ ಬೀಸುವ ಕಲ್ಲನ್ನು. ಮಕ್ಕಳು ಖುಷಿಯಿಂದ ತಿರುಗಿಸಿದವು. ಮರುದಿನ ಬೆಳಿಗ್ಗೆ ಅಜ್ಜಿ ಮೊರದ ತುಂಬಾ ರಾಗಿ ತಂದಳು. "ಬರೇ ಕಲ್ಲು ತಿರುಗಿಸಿದ್ರೆ ಸವೀತೈತೆ ಮೇಷ್ಟ್ರೇ, ಇದನ್ನ ಹಾಕ್ರಿ" ಎಂದಳು.

ವಾರ ಕಳೆಯುವಷ್ಟರಲ್ಲಿ ಅರ್ಧ ಊರಿನ ಹೆಂಗಸರು ರಾಗಿ ತಂದು ಸಾಲಾಗಿ ಕೂತಿದ್ದರು. "ಅಜ್ಜೀ, ಇದು ಪಾಠ ಕಲಿಯೋ ಜಾಗ" ಎಂದೆ. "ಕಲೀತಾವಲ್ಲ. ನಿನ್ನೆ ದಪ್ಪ ಬೀಸಿದ್ವು, ಇವತ್ತು ನುಣ್ಣಗೆ ಬೀಸ್ಯಾವೆ" ಎಂದಳು.

ಕುಂಕುಮದ ಕಲ್ಲು

ಹತ್ತಿರದ ಬ್ರಹ್ಮಗಿರಿ ಗುಡ್ಡದ ಬುಡದಲ್ಲಿ ದನ ಕಾಯುವ ಹಟ್ಟಿಯ ಯಜಮಾನ ಒಂದು ನುಣುಪಾದ ಕಲ್ಲಿನ ಕೊಡಲಿ ತಂದುಕೊಟ್ಟ. ನಮ್ಮ ಕಡೆ ಅಂಥವನ್ನು ಸಿಡಿಲಿನ ಜೊತೆ ಬಿದ್ದದ್ದು ಅನ್ನುತ್ತಾರೆ. ಮರುದಿನ ನೋಡಿದರೆ ಅದಕ್ಕೆ ಕುಂಕುಮ, ಅದರ ಮಾರನೆಯ ದಿನ ತೆಂಗಿನಕಾಯಿ. ಮಕ್ಕಳು ಮುಟ್ಟುವುದು ಬಿಟ್ಟು ದೂರದಿಂದ ಕೈ ಮುಗಿಯತೊಡಗಿದವು. ಇದನ್ನು ಸಾಹೇಬರು ಕಂಡರೆ ಕೋಣೆ ಹುಲ್ಲಿಗೇ ಸರಿ.

"ಮಕ್ಕಳು ಇದನ್ನ ಮುಟ್ಟಬೇಕಲ್ಲಪ್ಪಾ" ಎಂದೆ. ಯಜಮಾನ ತುಂಬ ಹೊತ್ತು ಗಡ್ಡ ಕೆರೆದುಕೊಂಡ. "ಮುಟ್ಲಿ. ಮಿಂದು ಬಂದು ಮುಟ್ಲಿ" ಎಂದ.

ಅಂದಿನಿಂದ ಇಡೀ ಶಾಲೆ ದಿನವೂ ಮಿಂದು ಬಂತು. ಸ್ವಚ್ಛತೆಯ ಪಾಠ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ನಾನು, ಗಣಿತದ ಪುಸ್ತಕಕ್ಕೂ ಒಂದು ಚಿಟಿಕೆ ಕುಂಕುಮ ಹಚ್ಚೋಣವೇ ಎಂದು ಯೋಚಿಸಿದ್ದುಂಟು.

ಸಾಹೇಬರ ರುಮಾಲು

ಕಡೆಗೂ ಸಾಹೇಬರು ಬಂದರು. ತಲೆಯ ಮೇಲೆ ದೊಡ್ಡ ಜರಿ ರುಮಾಲು, ಗಂಟು ಮುಖ. ಬೆಳಗಿನಿಂದ ಏನು ತೋರಿಸಿದರೂ "ಹೂಂ" ಎನ್ನುವರು, ಜಾರುತ್ತಿದ್ದ ರುಮಾಲನ್ನು ಮೇಲೆ ತಳ್ಳುವರು. ಬಾಗಿಲಲ್ಲಿ ಪಟೇಲರು ನಗುತ್ತಾ ನಿಂತಿದ್ದರು. ಸೆಕೆ ತಾಳಲಾರದೆ ಸಾಹೇಬರು ರುಮಾಲನ್ನು ಕೋಣೆಯ ಹಲಗೆಯ ಮೇಲಿಟ್ಟು, ನಮ್ಮ ಮನೆಗೆ ಊಟಕ್ಕೆ ಬಂದರು.

ಊಟ ಮುಗಿಸಿ ಬಂದು ರುಮಾಲನ್ನು ಸರಿಯಾಗಿ ನೋಡದೆಯೇ ತಲೆಗಿಟ್ಟುಕೊಂಡು ಅಂಗಳಕ್ಕಿಳಿದರು. ಅಲ್ಲಿ ಕೂತಿದ್ದ ಹಟ್ಟಿಯ ಯಜಮಾನ ಅವರನ್ನು ಪ್ರೀತಿಯಿಂದ ನೋಡಿ, "ಯಾವ ಹಟ್ಟಿ ನಾಯನಾ ನಿಂದು? ದನ ಎಷ್ಟವೆ?" ಎಂದು ಕೇಳಿದ.

ಆಗ ನೋಡಿದೆ. ಜರಿ ರುಮಾಲು ದನಗಾಹಿಗಳ ಮುಂಡಾಸಾಗಿತ್ತು. ಮಕ್ಕಳು ನಿಯಮದಂತೆ ಬಿಚ್ಚಿದ್ದವು, ನಿಯಮದಂತೆ ಮತ್ತೆ ಕಟ್ಟಿದ್ದವು, ಆದರೆ ತಮ್ಮ ಅಪ್ಪಂದಿರು ಕಟ್ಟುವ ಹಾಗೆ. ನನಗೆ ಅಳುವೇ ಬಂತು. ಕೋಣೆ ಹೋಯಿತು, ಕೆಲಸವೂ ಹೋಗಬಹುದು.

ಸಾಹೇಬರು ತಲೆ ಮುಟ್ಟಿ ನೋಡಿಕೊಂಡರು, ಅಲ್ಲಾಡಿಸಿದರು. ರುಮಾಲು ಜಾರಲಿಲ್ಲ. "ಯಾರು ಕಟ್ಟಿದ್ದು ಇದನ್ನು?" ಎಂದರು. ಎಲ್ಲ ಮಕ್ಕಳೂ ಕೈಯೆತ್ತಿದವು.

ಸಾಹೇಬರು ನನ್ನ ಕಿವಿಯ ಬಳಿ ಬಗ್ಗಿದರು. "ಮೇಷ್ಟರೇ, ಮನೆಯಲ್ಲಿ ನಮ್ಮಾಕೆ ಕಟ್ಟಿಕೊಡುತ್ತಾಳೆ. ಸರ್ಕೀಟಿನಲ್ಲಿ ಊರೂರು ತಿರುಗುವಾಗ ಬಿಚ್ಚಿಹೋದರೆ ಗತಿಯಿಲ್ಲ ಎಂದು ಮಲಗುವಾಗಲೂ ಕಾಪಾಡಿಕೊಳ್ಳುತ್ತೇನೆ. ಇವರಿಗೆ ನಿಧಾನವಾಗಿ ಇನ್ನೊಮ್ಮೆ ತೋರಿಸಲು ಹೇಳಿ" ಎಂದರು.

ಹೀಗೆ ಸಾಹೇಬರು ಮಕ್ಕಳ ನಡುವೆ ನೆಲದ ಮೇಲೆ ಕೂತು, ರುಮಾಲನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಸಂಜೆಯಾದರೂ ಕೈಗೆ ಹತ್ತಲಿಲ್ಲ. "ಕೋಣೆ ಇರಲಿ ಪಟೇಲರೇ, ನಾನು ಮತ್ತೆ ಬರಬೇಕು" ಎಂದು ಬೆವರು ಒರೆಸಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

ಕಣ್ಣು ಮಂಜಾಗಿದ್ದ ಎದುರು ಮನೆಯ ಅಜ್ಜಿ ಬೀಸುವುದನ್ನು ನಿಲ್ಲಿಸಿ ಅವರ ಕಡೆಗೇ ನೋಡುತ್ತಿದ್ದಳು. "ಮೇಷ್ಟ್ರೇ" ಎಂದಳು, "ಮಿಕ್ಕ ಹುಡುಗ್ರನ್ನೆಲ್ಲ ಮುಂದಿನ ತರಗತಿಗೆ ಹಾಕ್ರಿ. ಆ ದೊಡ್ಡ ಹುಡುಗನ್ನ ಮಾತ್ರ ಇನ್ನೊಂದು ವರ್ಷ ಇಲ್ಲೇ ಕೂರಿಸ್ರಿ."